ಟಾರು, ಕೆಸರು, ಗುಡ್ಡ: ಮೂರನ್ನೂ ಗೆದ್ದ ಸೈಕಲ್

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಮಳೆಗಾಲ ಬಂತೆಂದರೆ ಸೈಕಲ್ ಸವಾರನನ್ನು ಹೊರುವುದಿಲ್ಲ, ಸವಾರನೇ ಸೈಕಲನ್ನು ಹೊರಬೇಕಾಗುತ್ತದೆ. ಜೇಡಿಯ ಅಂಶ ಹೆಚ್ಚಿರುವ ಕಪ್ಪು ಮಣ್ಣು ನೀರು ಹೀರಿ ಉಬ್ಬುತ್ತದೆ, ಅಂಟಾಗುತ್ತದೆ. ತೊಗರಿ ಹೊಲದ ದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಉಳಿಯುವುದು ಎರಡೇ ಉಪಾಯ. ಕಡ್ಡಿಯಿಂದ ಮಣ್ಣು ಕೆದಕಿ ತೆಗೆಯುವುದು, ಇಲ್ಲವೇ ಸೈಕಲನ್ನು ಹೆಗಲಿಗೇರಿಸಿ ಡಾಂಬರು ರಸ್ತೆ ಸಿಗುವವರೆಗೆ ನಡೆಯುವುದು.

ಇಲ್ಲಿನ ರೈತರಿಗೂ ಶಾಲೆ ಮಕ್ಕಳಿಗೂ ಪಡಿಪಾಟಲಾಗಿರುವ ಈ ಕೆಲಸವೇ ಯುರೋಪಿನಲ್ಲಿ ಒಂದು ಕ್ರೀಡೆ. ಅದರ ಹೆಸರು ಸೈಕ್ಲೊಕ್ರಾಸ್.

ಮೂರು ನೆಲ, ಮೂರು ಸೈಕಲ್

20ನೇ ಶತಮಾನದ ಆರಂಭದಲ್ಲಿ ಫ್ರಾನ್ಸ್‌ನಲ್ಲಿ ಬೆಳೆದ ಸೈಕ್ಲೊಕ್ರಾಸ್ ಚಳಿಗಾಲದ ಆಟ. ಸುಮಾರು 3 ಕಿ.ಮೀ. ಸುತ್ತಳತೆಯ ದಾರಿಯಲ್ಲಿ ಕೆಸರು, ಮರಳು, ಮೆಟ್ಟಿಲು, ಅಡ್ಡ ಹಲಗೆಗಳಿರುತ್ತವೆ. ಸವಾರರು ಚಲಿಸುತ್ತಿರುವಾಗಲೇ ಇಳಿದು, ಸೈಕಲ್ ಹೆಗಲಿಗೇರಿಸಿ ಓಡಿ, ಮತ್ತೆ ಹಾರಿ ಕೂರುತ್ತಾರೆ. ಮಣ್ಣು ಮೆತ್ತಿದ ಸೈಕಲನ್ನು ಸಹಾಯಕರಿಗೆ ಕೊಟ್ಟು, ತೊಳೆದಿಟ್ಟ ಇನ್ನೊಂದನ್ನು ಪಡೆಯಲು ಅವಕಾಶವುಂಟು. ಸ್ಪರ್ಧೆ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಗೆದ್ದವರು ಝಾಂ ರೊಬಿಕ್. 1947ರಲ್ಲಿ ಅವರು ಟೂರ್ ಡಿ ಫ್ರಾನ್ಸ್ ರಸ್ತೆ ಸ್ಪರ್ಧೆಯನ್ನೂ ಗೆದ್ದಿದ್ದರು.

ರಸ್ತೆ ಸ್ಪರ್ಧೆಯ ಗುಣವೇ ಬೇರೆ. ಇಲ್ಲಿನ ಎದುರಾಳಿ ಗಾಳಿ. ಮುಂದಿನವರ ಬೆನ್ನಿಗಂಟಿ ಹೋದರೆ ಶ್ರಮ ಗಣನೀಯವಾಗಿ ಉಳಿಯುತ್ತದೆ. ಆದ್ದರಿಂದ ತಂಡ, ತಂತ್ರ, ಗಂಟೆಗಟ್ಟಲೆ ಕಾಯುವ ತಾಳ್ಮೆ ಮುಖ್ಯ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರೂಪು ಪಡೆದ ಮೌಂಟನ್ ಬೈಕಿಂಗ್ 1996ರಲ್ಲಿ ಒಲಿಂಪಿಕ್ಸ್ ಸೇರಿತು. ಗುಡ್ಡದ ಕಲ್ಲು, ಬೇರುಗಳ ಮೇಲೆ ದಪ್ಪ ಟೈರಿನ, ಕುಲುಕಾಟ ತಡೆಯುವ ಸ್ಪ್ರಿಂಗಿನಂಥ ಏರ್ಪಾಡುಳ್ಳ ಸೈಕಲ್ ಓಡಬೇಕು. ಗಾಳಿಯ ಲಾಭ ಇಲ್ಲಿ ಕಡಿಮೆ, ಹೆಚ್ಚುಕಡಿಮೆ ಪ್ರತಿಯೊಬ್ಬರೂ ಒಂಟಿ.

ಇಂಥ ಮೂರರಲ್ಲೂ ಒಬ್ಬರೇ ಮೇಲುಗೈ ಸಾಧಿಸುವುದು ಅಪರೂಪ. ಫ್ರಾನ್ಸ್‌ನ ಪೋಲೀನ್ ಫೆರಾಂ-ಪ್ರೆವೊ ಅದನ್ನು ಸಾಧಿಸಿದರು.

ಒಂದೇ ಸಲ ಮೂರು ಕಿರೀಟ

1992ರಲ್ಲಿ ರೇನ್ಸ್ ನಗರದಲ್ಲಿ ಹುಟ್ಟಿದ ಈಕೆ 2014ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ಪೊನ್‌ಫೆರಾಡದಲ್ಲಿ ರಸ್ತೆಯ ವಿಶ್ವ ಚಾಂಪಿಯನ್ ಆದರು. 2015ರ ಜನವರಿಯಲ್ಲಿ ಜೆಕ್ ದೇಶದ ತಾಬೊರ್‌ನಲ್ಲಿ ಸೈಕ್ಲೊಕ್ರಾಸ್ ಪ್ರಶಸ್ತಿ, ಸೆಪ್ಟೆಂಬರ್ ಮೊದಲ ವಾರ ಆಂಡೊರದಲ್ಲಿ ಮೌಂಟನ್ ಬೈಕ್ ಪ್ರಶಸ್ತಿ ಗೆದ್ದರು. ರಸ್ತೆಯ ಪಟ್ಟ ಆಗಿನ್ನೂ ಅವರ ಬಳಿಯೇ ಇತ್ತು. ಮೂರೂ ವಿಶ್ವ ಪ್ರಶಸ್ತಿಗಳನ್ನು ಏಕಕಾಲಕ್ಕೆ ಹೊಂದಿದ ಮೊದಲಿಗರಾದಾಗ ಅವರಿಗೆ 23 ವರ್ಷ.

ಇದು ಬರೀ ಕಾಲಿನ ಬಲದ ಮಾತಲ್ಲ. ಕೆಸರಿನಲ್ಲಿ ಎಲ್ಲಿ ಗಾಲಿ ಇಡಬೇಕು, ಎಲ್ಲಿ ಇಳಿದುಬಿಡಬೇಕು, ಜಾರುವಾಗ ಮೈಭಾರವನ್ನು ಹಿಂದಕ್ಕೆ ತರುವುದು ಹೇಗೆ ಎಂಬುದನ್ನು ಸೈಕ್ಲೊಕ್ರಾಸ್ ಕಲಿಸುತ್ತದೆ. ಗುಡ್ಡದ ಇಳಿಜಾರಿನಲ್ಲೂ, ಮಳೆಯಲ್ಲಿ ನೆನೆದ ರಸ್ತೆಯ ತಿರುವಿನಲ್ಲೂ ಅದೇ ವಿದ್ಯೆ ಉಪಯೋಗಕ್ಕೆ ಬರುತ್ತದೆ. ನೆದರ್‌ಲೆಂಡ್ಸ್‌ನ ಮರಿಯಾನ್ನೆ ವೋಸ್ ಮತ್ತು ಮಥ್ಯೂ ವಾನ್ ಡರ್ ಪೂಲ್, ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಇವರೆಲ್ಲ ಸೈಕ್ಲೊಕ್ರಾಸ್‌ನಲ್ಲಿ ಪಳಗಿದವರೇ. ಪಿಡ್‌ಕಾಕ್ 2022ರಲ್ಲಿ ಸೈಕ್ಲೊಕ್ರಾಸ್ ವಿಶ್ವ ಚಾಂಪಿಯನ್ ಆದರು; 2021 ಮತ್ತು 2024ರಲ್ಲಿ ಒಲಿಂಪಿಕ್ ಮೌಂಟನ್ ಬೈಕ್ ಚಿನ್ನ ಗೆದ್ದರು.

ಬಿದ್ದು ಎದ್ದ ಕಥೆ

ಆದರೆ ಮೂರು ದೋಣಿಯಲ್ಲಿ ಕಾಲಿಡುವುದು ಸುಲಭವಲ್ಲ. ಚಳಿಗಾಲದಲ್ಲಿ ಸೈಕ್ಲೊಕ್ರಾಸ್, ಬೇಸಿಗೆಯಲ್ಲಿ ಉಳಿದೆರಡು. ವಿಶ್ರಾಂತಿಯ ಋತುವೇ ಇಲ್ಲ. ಫೆರಾಂ-ಪ್ರೆವೊ ಅವರ ಓಟ ಮರುವರ್ಷವೇ ಕುಂಟಿತು. 2016ರ ರಿಯೊ ಒಲಿಂಪಿಕ್ಸ್‌ನ ಮೌಂಟನ್ ಬೈಕ್ ಸ್ಪರ್ಧೆಯನ್ನು ಅವರು ಅರ್ಧಕ್ಕೇ ಬಿಟ್ಟರು. ಮುಂದೆ ಕಾಲಿನ ರಕ್ತನಾಳದ ತೊಂದರೆ ಕಾಣಿಸಿಕೊಂಡಿತು. ಬಾಗಿ ಕುಳಿತು ವರ್ಷಗಟ್ಟಲೆ ತುಳಿಯುವವರಲ್ಲಿ ಸೊಂಟದ ಬಳಿಯ ರಕ್ತನಾಳದ ಗೋಡೆ ದಪ್ಪಗಾಗಿ ಕಾಲಿಗೆ ರಕ್ತ ಸಾಲದಾಗುವುದುಂಟು. 2019ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅವರು ಅದೇ ವರ್ಷ ಮತ್ತೆ ಮೌಂಟನ್ ಬೈಕ್ ವಿಶ್ವ ಚಾಂಪಿಯನ್ ಆದದ್ದು ಗಮನಾರ್ಹ.

ಎರಡನೇ ಇನಿಂಗ್ಸಿನಲ್ಲಿ ಅವರ ದಾರಿ ಬದಲಾಯಿತು. ವಿದ್ಯೆ ಮೂರರದ್ದಾದರೂ ಗುರಿಗಳನ್ನು ಒಂದಾದ ಮೇಲೊಂದರಂತೆ ಇಟ್ಟುಕೊಂಡರು. ಮೊದಲು ಗುಡ್ಡ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ನಂತರ ರಸ್ತೆ: 2025ರಲ್ಲಿ ಕಲ್ಲುಹಾಸಿನ ಹಾದಿಗೆ ಹೆಸರಾದ ಪ್ಯಾರಿಸ್-ರೂಬೆ ಸ್ಪರ್ಧೆ, ಅದೇ ವರ್ಷ ಮಹಿಳೆಯರ ಟೂರ್ ಡಿ ಫ್ರಾನ್ಸ್. 1985ರಲ್ಲಿ ಬೆರ್ನಾರ್ ಇನೊ ಗೆದ್ದ ಮೇಲೆ 2025ರವರೆಗೂ ಫ್ರಾನ್ಸ್‌ನ ಪುರುಷರು ಯಾರೂ ಟೂರ್ ಗೆದ್ದಿರಲಿಲ್ಲ ಎಂಬುದನ್ನು ನೆನೆದರೆ ಆ ದೇಶ ಸಂಭ್ರಮಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕಲಿಯುವಾಗ ಎಲ್ಲ ನೆಲದ ಮೇಲೂ ಓಡಬೇಕು, ಗೆಲ್ಲಲು ಹೊರಟಾಗ ಒಂದನ್ನು ಆರಿಸಿಕೊಳ್ಳಬೇಕು ಎಂಬ ಪಾಠ ಇಲ್ಲಿದೆ. ನಮ್ಮಲ್ಲಿ ಈ ಕ್ರಮ ಹೆಚ್ಚಾಗಿ ತಿರುವುಮುರುವಾಗುತ್ತದೆ. ಎಳವೆಯಲ್ಲೇ ಮಕ್ಕಳನ್ನು ಒಂದೇ ಸ್ಪರ್ಧೆಗೆ ಕಟ್ಟಿಹಾಕುತ್ತೇವೆ.

ಅಫಜಲಪುರ, ಜೇವರ್ಗಿಗಳಿಗೆ ಹೊಂದಿಕೊಂಡಿರುವ ವಿಜಯಪುರ ಜಿಲ್ಲೆಯೂ ಅದರಾಚೆಯ ಬಾಗಲಕೋಟೆಯೂ ಸೈಕ್ಲಿಂಗ್ ಪಟುಗಳಿಗೆ ಹೆಸರಾಗಿವೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಅದರ ಉದ್ದೇಶ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದಾಗಿತ್ತೇ ಹೊರತು ಪದಕವಲ್ಲ. ಆದರೆ ಆಳಂದದ ಏರಿನಲ್ಲಿ, ಭೀಮಾ ತೀರದ ಎರೆಯಲ್ಲಿ ಸೈಕಲ್ ತುಳಿದೂ ಹೊತ್ತೂ ಶಾಲೆ ಸೇರಿದ ಮಕ್ಕಳಿಗೆ ಕೆಸರಿನ ಮೊದಲ ಪಾಠ ಆಗಿಯೇ ಹೋಗಿರುತ್ತದೆ. ಇನ್ನು ಬೇಕಾದದ್ದು ಸ್ಪರ್ಧೆಗೆ ತಕ್ಕ ಸೈಕಲ್ ಮತ್ತು ಕಲಿಸುವ ತರಬೇತುದಾರ.