ಹಳೆ ಟರ್ಬೋ ಗಾಡಿ ಎಳೀತಿಲ್ವಾ? ಟರ್ಬೋ ಬಿಚ್ಚಿಸೋ ಮುಂಚೆ ಇಷ್ಟು ನೋಡ್ಕೊಳ್ಳಿ



ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡೆ. ಟರ್ಬೋ ಡೀಸೆಲ್, ಮೀಟರ್‌ನಲ್ಲಿ 1,58,000 ಕಿಲೋಮೀಟರ್ ಓಡಿತ್ತು. ಮೂಡಿಗೆರೆ ಕಡೆಯಿಂದ ಶುಂಠಿ, ಹಸಿಮೆಣಸಿನಕಾಯಿ ತುಂಬ್ಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗೋದು, ಹೆಚ್ಚಿನ ಸಲ ಖಾಲಿ ವಾಪಸ್ ಬರೋದು. ಮೂರನೇ ತಿಂಗಳಿಗೆ ಆ ಖಾಲಿ ಗಾಡೀನೇ ಘಾಟಿ ಹತ್ತೋಕೆ ಒದ್ದಾಡೋಕೆ ಶುರು ಮಾಡ್ತು. ಮೊದಲು ಮೂರನೇ ಗೇರಲ್ಲಿ ಹತ್ತುತ್ತಿದ್ದ ಏರಿನಲ್ಲಿ ಎರಡಕ್ಕೆ ಇಳಿಸಬೇಕು, ಆಕ್ಸಿಲರೇಟರ್ ಪೂರ್ತಿ ತುಳಿದರೂ ಸದ್ದು ಮಾತ್ರ ಬರುತ್ತೆ, ಹಿಂದೆ ನೋಡಿದರೆ ಕರಿ ಹೊಗೆ.

ಗ್ಯಾರೇಜಿಗೆ ಬಿಟ್ಟೆ. ಐದು ನಿಮಿಷದಲ್ಲಿ ತೀರ್ಪು ಬಂತು: "ಟರ್ಬೋ ಹೋಗಿದೆ ಅಣ್ಣ. ಹೊಸದಾದ್ರೆ 34 ಸಾವಿರ, ರೀಕಂಡೀಷನ್ ಹಾಕಿದ್ರೆ 18." ಗಾಡಿ ಮೇಲಿನ ಸಾಲದ ಕಂತು ಆ ವಾರವೇ ಕಟ್ಟಬೇಕಿತ್ತು. ಯೋಚನೆ ಮಾಡಿ ಹೇಳ್ತೀನಿ ಅಂತ ಗಾಡಿ ಮನೆಗೆ ತಂದೆ. ನಮ್ಮ ಚಿಕ್ಕಪ್ಪ ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿ ಜೋಡಿಸಿದವರು. ಬಾನೆಟ್ ಎತ್ತಿ, "ಲೋ, ಗಾಳಿ ಎಲ್ಲಿ ಸೋರ್ತಿದೆ ನೋಡಿದ್ಯಾ ಮೊದಲು?" ಅಂದ್ರು. ನೋಡಿರಲಿಲ್ಲ. ಗ್ಯಾರೇಜಿನವರೂ ನೋಡಿರಲಿಲ್ಲ.

ಹಳೆ ಟರ್ಬೋ ಗಾಡಿ ತಗೊಂಡ ನಮ್ಮಂಥವರು ಬಹಳ ಜನ ಇದ್ದೀರಿ. ಪಿಕಪ್ ಆಗಲಿ, ಜೀಪ್ ಆಗಲಿ, ಮನೆಯ ಡೀಸೆಲ್ ಕಾರಾಗಲಿ, ಎಳೆತ ಕಮ್ಮಿ ಆದಾಗ ಯಾವುದರಿಂದ ಹುಡುಕೋಕೆ ಶುರು ಮಾಡಬೇಕು ಅಂತ ಈ ವಾರ ಬರೀತಿದ್ದೀನಿ.

ಟರ್ಬೋ ಮಾಡೋ ಕೆಲಸ ಏನು?

ಸೈಲೆನ್ಸರ್ ಕಡೆಗೆ ಹೋಗೋ ಬಿಸಿ ಹೊಗೆ ಒಂದು ಸಣ್ಣ ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿ ಎಳೆದು ಒತ್ತಿ ಇಂಜಿನ್ನಿಗೆ ತುಂಬುತ್ತೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತೆ. ಒತ್ತಿದ ಗಾಳಿ ಕಾದಿರುತ್ತೆ, ಅದಕ್ಕೆ ಇಂಟರ್‌ಕೂಲರ್ ಮೂಲಕ ಹಾದು ತಣ್ಣಗಾಗಿ ಒಳಗೆ ಹೋಗುತ್ತೆ. ಜಾಸ್ತಿ ಗಾಳಿ ಸಿಕ್ಕರೆ ಜಾಸ್ತಿ ಡೀಸೆಲ್ ಉರಿಸಬಹುದು, ಅದೇ ಎಳೆತ. ಈ ದಾರಿಯಲ್ಲಿ ಏರ್ ಫಿಲ್ಟರ್, ನಾಲ್ಕೈದು ರಬ್ಬರ್ ಹೋಸ್, ಇಂಟರ್‌ಕೂಲರ್, ಒತ್ತಡ ಹಿಡಿತದಲ್ಲಿಡೋ ಆಕ್ಚುಯೇಟರ್, ಒಂದೆರಡು ಸೆನ್ಸರ್ ಇರ್ತವೆ. ಇದರಲ್ಲಿ ಯಾವುದು ಕೆಟ್ಟರೂ ಗಾಡಿ ಮಾತ್ರ ಒಂದೇ ಥರ ನಡ್ಕೊಳ್ಳುತ್ತೆ: ಎಳೆಯಲ್ಲ. ಅದಕ್ಕೇ ಪಾಪ ಟರ್ಬೋ ಮೇಲೆ ಬೇಗ ಅಪವಾದ ಬರೋದು.

ಮೊದಲು ಗಾಡಿ ಏನು ಹೇಳ್ತಿದೆ ಕೇಳಿ

ಬಾನೆಟ್ ಎತ್ತೋ ಮುಂಚೆ ಒಂದು ಏರಿಗೆ ಹೋಗಿ ಗಮನಿಸಿ. ಇಂಜಿನ್ ಸದ್ದು ಜೋರಾಗಿ ಏರುತ್ತೆ, ಸ್ಪೀಡ್ ಮಾತ್ರ ಏರಲ್ಲ ಅಂದ್ರೆ ಅದು ಟರ್ಬೋ ಅಲ್ಲ, ಕ್ಲಚ್ ಪ್ಲೇಟ್ ಜಾರ್ತಿದೆ. ಸಮತಟ್ಟಲ್ಲಿ ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಗಾಡಿ ನಿಂತುಬಿಡುತ್ತೆ, ಒಂದು ಚಕ್ರದ ಹತ್ತಿರ ಕಾವು ಹೊಡೆಯುತ್ತೆ ಅಂದ್ರೆ ಬ್ರೇಕ್ ಹಿಡ್ಕೊಂಡಿದೆ. ಇವೆರಡಕ್ಕೂ ಟರ್ಬೋ ಬದಲಾಯಿಸಿದವರನ್ನ ನಾನು ನೋಡಿದ್ದೀನಿ.

ಆಮೇಲೆ ಹೊಗೆ. ತುಳಿದಾಗ ಕರಿ ಹೊಗೆ ಬಂದ್ರೆ ಡೀಸೆಲ್ ಸಾಕಷ್ಟು ಇದೆ, ಗಾಳಿ ಸಾಲ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಹೋಸ್ ಸೋರ್ತಿರಬಹುದು, ಇಜಿಆರ್ ವಾಲ್ವ್ ತೆರೆದೇ ನಿಂತಿರಬಹುದು. ನೀಲಿ ಹೊಗೆ ಅಂದ್ರೆ ಇಂಜಿನ್ ಆಯಿಲ್ ಉರೀತಿದೆ, ಟರ್ಬೋ ಸೀಲ್ ಇಲ್ಲಾ ಪಿಸ್ಟನ್ ರಿಂಗ್ ಕಡೆ ನೋಡಬೇಕು. ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಇಂಜೆಕ್ಟರ್, ಅಥವಾ ಕೂಲೆಂಟ್ ಒಳಗೆ ಹೋಗ್ತಿರಬಹುದು. ರೇಡಿಯೇಟರ್ ನೀರು ಕಮ್ಮಿ ಆಗ್ತಿದ್ಯಾ ನೋಡಿ. ಹೊಗೆಯೇ ಇಲ್ಲ, ಎಳೆತವೂ ಇಲ್ಲ ಅಂದ್ರೆ ಡೀಸೆಲ್ ಸಾಲ್ತಿಲ್ಲ, ಇಲ್ಲಾಂದ್ರೆ ಕಂಪ್ಯೂಟರೇ ಇಂಜಿನ್ ಉಳಿಸೋಕೆ ಬಲ ಕಮ್ಮಿ ಮಾಡಿದೆ. ಇದನ್ನ ಲಿಂಪ್ ಮೋಡ್ ಅಂತಾರೆ. ಇದ್ದಕ್ಕಿದ್ದಂತೆ ಬಲ ಹೋಗಿ, ಆಫ್ ಮಾಡಿ ಸ್ಟಾರ್ಟ್ ಮಾಡಿದ್ರೆ ಸ್ವಲ್ಪ ಹೊತ್ತು ಸರಿಹೋದ್ರೆ ಬಹುತೇಕ ಇದೇ.

ಗಾಳಿ ಸೋರೋದನ್ನ ಹಿಡಿಯೋದು

ಏರ್ ಫಿಲ್ಟರ್ ತೆಗೆದು ನೋಡೋಕೆ ದುಡ್ಡು ಬೇಡ. ಒಕ್ಕಣೆ ಸಮಯದಲ್ಲಿ, ಮಣ್ಣು ರಸ್ತೆಯಲ್ಲಿ ಓಡೋ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕ ನಡೆಯಲ್ಲ, ಅರ್ಧಕ್ಕೇ ಕಟ್ಟಿಕೊಂಡಿರುತ್ತೆ. ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಕಟ್ಟಿದ್ದೂ ಇದೆ. ಒಂದು ಮಾತು ನೆನಪಿರಲಿ: ಫಿಲ್ಟರ್ ಇಲ್ಲದೆ ಗಾಡಿ ಓಡಿಸಿ ಪರೀಕ್ಷೆ ಮಾಡ್ಬೇಡಿ. ಆ ವೇಗದಲ್ಲಿ ತಿರುಗೋ ಚಕ್ರಕ್ಕೆ ಸಣ್ಣ ಕಲ್ಲಿನ ಪುಡಿ ಸಾಕು.

ಮುಂದೆ ಹೋಸ್‌ಗಳು. ಟರ್ಬೋದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್ನಿಗೆ ಹೋಗೋ ದಪ್ಪ ರಬ್ಬರ್ ಪೈಪು ಹತ್ತು ವರ್ಷದ ಗಾಡಿಯಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಬಿರುಕು ಹೆಚ್ಚಾಗಿ ಕಾಣದ ಜಾಗದಲ್ಲಿ, ಕ್ಲಾಂಪಿನ ಅಡಿಯಲ್ಲಿ ಇಲ್ಲಾ ತಳಭಾಗದಲ್ಲಿ ಇರುತ್ತೆ. ಇಂಜಿನ್ ಐಡಲ್‌ನಲ್ಲಿದ್ದಾಗ ಬಿರುಕು ಮುಚ್ಚಿಕೊಂಡೇ ಇರುತ್ತೆ, ಲೋಡಿನಲ್ಲಿ ಒತ್ತಡ ಬಂದಾಗ ಮಾತ್ರ ತೆರೆಯುತ್ತೆ. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದವರಿಗೆ ಸಿಗದೇ ಇರೋದು ಇದಕ್ಕೇ, ಅವರೆಲ್ಲ ಮೋಸಗಾರರು ಅಂತಲ್ಲ.

ಹುಡುಕೋ ದಾರಿ ಇದು. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಪ್ರತಿ ಹೋಸ್‌ನ ಸುತ್ತ ಬೆರಳಾಡಿಸಿ, ಹಿಂಡಿ, ಬಗ್ಗಿಸಿ ನೋಡಿ. ಮೊಬೈಲ್ ಟಾರ್ಚ್ ಹಾಕಿ ಕ್ಯಾಮೆರಾ ಅಡಿಗೆ ಹಿಡಿದು ವಿಡಿಯೋ ತೆಗೀರಿ, ಕಣ್ಣು ಹೋಗದ ಕಡೆ ಫೋನ್ ಹೋಗುತ್ತೆ. ಹೊರಗಡೆ ಎಣ್ಣೆ ಮತ್ತು ಧೂಳು ಸೇರಿ ಒದ್ದೆಯಾಗಿ ಅಂಟಿಕೊಂಡಿರೋ ಜಾಗ ಸಿಕ್ಕರೆ ಅಲ್ಲೇ ಗಾಳಿ ಸೋರ್ತಿದೆ ಅಂತ ಅನುಮಾನ ಪಡಿ. ಲೋಡಲ್ಲಿ ತುಳಿದಾಗ ಮೊದಲಿಲ್ಲದ "ಸುಸ್ಸ್" ಅನ್ನೋ ಸದ್ದು ಬಂದ್ರೂ ಅದೇ ಲಕ್ಷಣ. ಪಂಕ್ಚರ್ ಅಂಗಡಿಯವರು ಗೊತ್ತಿದ್ರೆ, ಗಾಳಿ ದಾರಿಯ ಒಂದು ತುದಿ ಮುಚ್ಚಿ ಇನ್ನೊಂದು ಕಡೆಯಿಂದ ಬಹಳ ಕಮ್ಮಿ ಒತ್ತಡದ ಗಾಳಿ ಬಿಟ್ಟು ಸೋಪಿನ ನೀರು ಹಚ್ಚಬಹುದು, ಟ್ಯೂಬ್ ನೋಡಿದ ಹಾಗೇ ಗುಳ್ಳೆ ಬರುತ್ತೆ.

ನನ್ನ ಗಾಡಿಯಲ್ಲಿ ಇಂಟರ್‌ಕೂಲರ್ ಹೋಸ್ ಕ್ಲಾಂಪಿನ ಪಕ್ಕದಲ್ಲಿ ಬೆರಳುದ್ದ ಸೀಳಿತ್ತು. ಟರ್ಬೋ ಒತ್ತಿದ ಗಾಳಿ ಅಲ್ಲೇ ಹೊರಗೆ ಹೋಗ್ತಿತ್ತು. ಆದರೆ ಗಾಳಿ ಅಳೆಯೋ ಸೆನ್ಸರ್ ಫಿಲ್ಟರ್ ಹತ್ತಿರ, ಸೋರಿಕೆಗಿಂತ ಮುಂಚೆ ಇದೆ. ಅದು "ಗಾಳಿ ಬಂದಿದೆ" ಅಂತ ಲೆಕ್ಕ ಕೊಡ್ತಿತ್ತು, ಇಂಜಿನ್ ಅಷ್ಟಕ್ಕೇ ಡೀಸೆಲ್ ಹಾಕ್ತಿತ್ತು. ಕರಿ ಹೊಗೆ ಬಂದಿದ್ದು ಹೀಗೆ. ಹೊಸ ಹೋಸ್ ಮತ್ತು ಎರಡು ಕ್ಲಾಂಪ್ ಸೇರಿ 1,150 ರೂಪಾಯಿ.

ದಪ್ಪ ಹೋಸ್ ಜೊತೆಗೆ ಪೆನ್ಸಿಲ್ ಗಾತ್ರದ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನೂ ನೋಡಿ. ಟರ್ಬೋ ಪಕ್ಕ ತಟ್ಟೆ ಆಕಾರದ ಆಕ್ಚುಯೇಟರ್, ಅದರಿಂದ ಹೊರಟ ಒಂದು ಕಡ್ಡಿ ಇರುತ್ತೆ. ವ್ಯಾಕ್ಯೂಮ್‌ನಿಂದ ನಡೆಯೋ ಎಷ್ಟೋ ಗಾಡಿಗಳಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಆ ಕಡ್ಡಿ ಎಳ್ಕೊಳ್ಳುತ್ತೆ, ಆಫ್ ಮಾಡಿದ್ರೆ ವಾಪಸ್ ಬರುತ್ತೆ. ಒಬ್ಬರನ್ನ ಸ್ಟಾರ್ಟ್ ಮಾಡೋಕೆ ಕೂರಿಸಿ ನೀವು ದೂರದಿಂದ ನೋಡಿ. ಕಡ್ಡಿ ಅಲುಗದಿದ್ರೆ ಪೈಪ್ ಬಿಚ್ಚಿಕೊಂಡಿರಬಹುದು, ಡಯಾಫ್ರಾಮ್ ಹರಿದಿರಬಹುದು, ಇಲ್ಲಾ ಮಸಿ ಕಟ್ಟಿ ಒಳಗೆ ಜಾಮ್ ಆಗಿರಬಹುದು. ಕೆಲವು ಗಾಡಿಗಳಲ್ಲಿ ಇದು ಟರ್ಬೋ ಒತ್ತಡದಿಂದಲೇ ನಡೆಯುತ್ತೆ, ಅಲ್ಲಿ ಐಡಲ್‌ನಲ್ಲಿ ಕಡ್ಡಿ ಅಲುಗದಿರೋದು ಸಹಜ. ನಿಮ್ಮದು ಯಾವ ಥರ ಅಂತ ಗೊತ್ತು ಮಾಡ್ಕೊಂಡು ತೀರ್ಮಾನಕ್ಕೆ ಬನ್ನಿ.

ಕ್ಯಾನಿನ ಡೀಸೆಲ್

ನಮ್ಮ ಕಥೆ ಹೋಸ್‌ಗೆ ಮುಗೀಲಿಲ್ಲ. ಕರಿ ಹೊಗೆ ನಿಂತ್ತು, ಗಾಡಿ ಎಳೆಯೋಕೂ ಶುರು ಮಾಡ್ತು. ಆದರೆ ಲೋಡ್ ಹಾಕ್ಕೊಂಡು ಏರಿನಲ್ಲಿ ಪೂರ್ತಿ ತುಳಿದ್ರೆ ಚೆಕ್ ಇಂಜಿನ್ ಲೈಟ್ ಬಂದು ಉಸಿರು ಕಟ್ಟಿದ ಹಾಗೆ ಆಗ್ತಿತ್ತು. ಈ ಸಲ ಹೊಗೆ ಇಲ್ಲ. ಅಂದ್ರೆ ಈಗ ಡೀಸೆಲ್ ಕಡೆ.

ಇದರಲ್ಲಿ ತಪ್ಪು ನನ್ನದೇ. ಟ್ರ್ಯಾಕ್ಟರ್‌ಗೆ, ಪವರ್ ಟಿಲ್ಲರ್‌ಗೆ ಅಂತ ಕ್ಯಾನಿನಲ್ಲಿ ಡೀಸೆಲ್ ಇಟ್ಟಿರ್ತೀವಲ್ಲ, ಅವಸರಕ್ಕೆ ಅದನ್ನೇ ಪಿಕಪ್‌ಗೆ ಹಾಕ್ತಿದ್ದೆ. ಮುಚ್ಚಳ ಸಡಿಲ, ಶೆಡ್ಡಿನಲ್ಲಿ ತೇವ, ಆಲಿಕೆಯಲ್ಲಿ ಧೂಳು. ಹಳೆ ಟ್ರ್ಯಾಕ್ಟರ್ ಪಂಪು ಇದನ್ನ ಸ್ವಲ್ಪ ಮಟ್ಟಿಗೆ ತಡ್ಕೊಳ್ಳುತ್ತೆ. ಕಾಮನ್ ರೈಲ್ ಇಂಜಿನ್ನಿನಲ್ಲಿ ಡೀಸೆಲ್ ಒತ್ತಡ ಲೋಡಿನಲ್ಲಿ ಸಾವಿರ ಬಾರ್ ದಾಟುತ್ತೆ, ಅದು ನೀರು, ಕಸ ಎರಡನ್ನೂ ತಡ್ಕೊಳ್ಳಲ್ಲ. ಡೀಸೆಲ್ ಫಿಲ್ಟರ್ ಅಡಿಯಲ್ಲಿ ನೀರು ಬಿಡೋ ಸ್ಕ್ರೂ ಇದ್ರೆ ಒಂದು ಗಾಜಿನ ಲೋಟಕ್ಕೆ ಬಿಟ್ಟು ಹತ್ತು ನಿಮಿಷ ಇಡಿ, ನೀರಿದ್ರೆ ತಳದಲ್ಲಿ ನಿಲ್ಲುತ್ತೆ. ನನ್ನ ಲೋಟದಲ್ಲಿ ಎರಡು ಬೆರಳು ನೀರಿತ್ತು. ಅದೃಷ್ಟಕ್ಕೆ ಇಂಜೆಕ್ಟರ್ ಉಳೀತು, ಫಿಲ್ಟರ್ ಬದಲಾಯಿಸಿ ಟ್ಯಾಂಕ್ ತೊಳೆಸಿದ್ದಕ್ಕೆ ಸರಿಹೋಯ್ತು.

ಒಂದು ಎಚ್ಚರಿಕೆ: ಇಂಜಿನ್ ಓಡ್ತಿರುವಾಗ ಡೀಸೆಲ್ ರೈಲು, ಇಂಜೆಕ್ಟರ್ ಪೈಪಿನ ಸೋರಿಕೆಯನ್ನ ಕೈಯಿಂದ ಹುಡುಕ್ಬೇಡಿ. ಆ ಒತ್ತಡದಲ್ಲಿ ಕೂದಲೆಳೆಯಷ್ಟು ಡೀಸೆಲ್ ಕೂಡ ಚರ್ಮ ತೂರಿ ಒಳಗೆ ಹೋಗುತ್ತೆ. ಹಾಗೇನಾದ್ರೂ ಆದ್ರೆ ಗಾಯ ಸಣ್ಣದು ಕಂಡ್ರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಫೋನ್ ಇದೆಯಲ್ಲ, ಉಪಯೋಗಿಸಿ

2013ರ ನಂತರದ ಹೆಚ್ಚಿನ ಗಾಡಿಗಳಲ್ಲಿ ಸ್ಟೀರಿಂಗ್ ಅಡಿ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತೆ. ಅದಕ್ಕೆ ಹಾಕೋ ಬ್ಲೂಟೂತ್ ಒಬಿಡಿ ಅಡಾಪ್ಟರ್ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಫೋನಿಗೆ ಒಂದು ಉಚಿತ ಆ್ಯಪ್ ಸಾಕು. ತೀರಾ ಅಗ್ಗದವು ಕೆಲವು ಗಾಡಿ ಜೊತೆ ಮಾತಾಡಲ್ಲ, ವಾಪಸ್ ಕೊಡೋಕೆ ಅವಕಾಶ ಇರೋ ಕಡೆ ತಗೊಳ್ಳಿ.

ಕೋಡ್ ಬಂದ್ರೆ ಮೊದಲು ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ಅಳಿಸಿ. ಪಿ0299 ಅಂದ್ರೆ ಟರ್ಬೋ ಒತ್ತಡ ಸಾಲ್ತಿಲ್ಲ. ಪಿ0087 ಅಂದ್ರೆ ಡೀಸೆಲ್ ರೈಲು ಒತ್ತಡ ಕಮ್ಮಿ, ನನಗೆ ಬಂದಿದ್ದು ಇದೇ. ಪಿ0101 ಗಾಳಿ ಅಳೆಯೋ ಸೆನ್ಸರ್‌ನದು, ಪಿ0401 ಇಜಿಆರ್‌ದು. ಆದರೆ ಕೋಡ್ ಹೇಳೋದು ತೊಂದರೆ ಎಲ್ಲಿ ಕಾಣ್ತಿದೆ ಅಂತ, ಯಾವ ಪಾರ್ಟ್ ಕೆಟ್ಟಿದೆ ಅಂತಲ್ಲ. ಪಿ0299 ಕಂಡ ಕೂಡಲೇ ಟರ್ಬೋ ಆರ್ಡರ್ ಮಾಡೋರು ಇದ್ದಾರೆ. ಸೀಳಿದ ಹೋಸ್‌ಗೂ ಅದೇ ಕೋಡ್ ಬರುತ್ತೆ.

ಕೋಡಿಗಿಂತ ಉಪಯೋಗಕ್ಕೆ ಬರೋದು ಮ್ಯಾಪ್ ಸೆನ್ಸರ್ ರೀಡಿಂಗ್. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ, ಹೊರಗಿನ ಗಾಳಿ ಒತ್ತಡ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್, ಬೆಂಗಳೂರು, ಹಾಸನದ ಎತ್ತರದಲ್ಲಿ ಸುಮಾರು 90. ಇಲ್ಲೇ ತಪ್ಪು ತೋರಿಸಿದ್ರೆ ಸೆನ್ಸರ್ ಮೇಲೆ ಅನುಮಾನ. ಆಮೇಲೆ ಗೆಳೆಯನ ಕೈಗೆ ಫೋನ್ ಕೊಟ್ಟು, ಖಾಲಿ ರಸ್ತೆಯ ಏರಿನಲ್ಲಿ ಮೂರನೇ ಗೇರಲ್ಲಿ 2,000 ಆರ್‌ಪಿಎಂ ದಾಟಿಸಿ ಪೂರ್ತಿ ತುಳೀರಿ. ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇರುತ್ತೆ, ಆದ್ರೂ ಆರೋಗ್ಯವಾಗಿರೋ ಟರ್ಬೋ ಡೀಸೆಲ್ ಸಾಮಾನ್ಯವಾಗಿ 180ರ ಆಚೆಈಚೆ ಅಥವಾ ಅದಕ್ಕೂ ಮೇಲೆ ಹೋಗುತ್ತೆ. 110ಕ್ಕೇ ನಿಂತ್ರೆ ಗಾಳಿ ಒತ್ತಡ ಆಗ್ತಿಲ್ಲ ಇಲ್ಲಾ ಸೋರ್ತಿದೆ. ಒತ್ತಡ ಚೆನ್ನಾಗಿದ್ದೂ ಎಳೆತ ಇಲ್ಲ ಅಂದ್ರೆ ಟರ್ಬೋ ಬಿಟ್ಟು ಡೀಸೆಲ್, ಕ್ಲಚ್, ಕಟ್ಟಿಕೊಂಡ ಸೈಲೆನ್ಸರ್ ಕಡೆ ಹೋಗಿ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಯಾದ್ರೆ ಡಿಪಿಎಫ್ ಅನ್ನೋ ಮಸಿ ಫಿಲ್ಟರನ್ನೂ ಲೆಕ್ಕಕ್ಕೆ ತಗೊಳ್ಳಿ. ದಿನಾ ಎರಡು ಮೂರು ಕಿಲೋಮೀಟರ್ ತೋಟಕ್ಕೆ ಹೋಗಿ ಬರೋ ಗಾಡಿಯಲ್ಲಿ ಅದು ಕಾದು ಮಸಿ ಸುಡೋಕೆ ಸಮಯವೇ ಸಿಗಲ್ಲ. ಅದರ ಲೈಟ್ ಬಂದಾಗ ನಿಮ್ಮ ಗಾಡಿ ಪುಸ್ತಕದಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಿ ಬನ್ನಿ.

ನಿಜವಾಗಿಯೂ ಟರ್ಬೋ ಹೋಗಿದ್ರೆ

ಫಿಲ್ಟರ್ ಕಡೆಯ ಪೈಪ್ ಬಿಚ್ಚಿದ್ರೆ ಟರ್ಬೋ ಚಕ್ರ ಕಾಣುತ್ತೆ. ಇಂಜಿನ್ ಆಫ್ ಇದ್ದು ತಣ್ಣಗಿರಬೇಕು. ಎಲೆಗಳ ಅಂಚು ಮುರಿದಿದ್ಯಾ, ತಿರುಗಿಸಿದ್ರೆ ಗೋಡೆಗೆ ಉಜ್ಜುತ್ತಾ ನೋಡಿ. ಶಾಫ್ಟ್ ಅಡ್ಡಡ್ಡ ಸ್ವಲ್ಪ ಅಲುಗೋದು ಸಹಜ, ಅದು ಆಯಿಲ್ ಮೇಲೆ ತೇಲೋ ಬೇರಿಂಗ್. ಮುಂದೆ ಹಿಂದೆ ಎಳೆದಾಗ ಅಲುಗೋದು ಕೈಗೆ ಗೊತ್ತಾದ್ರೆ ಟರ್ಬೋ ಸವೆದಿದೆ. ಪೈಪಿನೊಳಗೆ ಎಣ್ಣೆಯ ತೆಳು ಪಸೆ ಇದ್ರೆ ಗಾಬರಿ ಬೇಡ. ಎಣ್ಣೆ ಹೊಂಡದ ಹಾಗೆ ನಿಂತಿದ್ರೆ ಗಾಡಿ ಓಡಿಸೋದನ್ನೇ ನಿಲ್ಲಿಸಿ. ಸೀಲ್ ಪೂರ್ತಿ ಹೋದ್ರೆ ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಕುಡಿದು ತಾನಾಗೇ ಜೋರಾಗಿ ಓಡೋಕೆ ಶುರು ಮಾಡುತ್ತೆ, ಕೀ ತೆಗೆದರೂ ನಿಲ್ಲಲ್ಲ. ಅಂಥ ಹೊತ್ತಲ್ಲಿ ಮ್ಯಾನ್ಯುಯಲ್ ಗಾಡಿಯಾದ್ರೆ ಬ್ರೇಕ್ ಗಟ್ಟಿಯಾಗಿ ತುಳಿದು, ಮೇಲಿನ ಗೇರ್ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಕಟ್ಟಿಸಬೇಕು. ಆಗದಿದ್ರೆ ಇಳಿದು ದೂರ ಹೋಗಿ.

ಟರ್ಬೋ ಬದಲಾಯಿಸೋದೇ ಆದ್ರೆ ಹಳೇದು ಯಾಕೆ ಹೋಯ್ತು ಅಂತ ಮೆಕ್ಯಾನಿಕ್ಕನ್ನ ಕೇಳಿ. ಬಹಳ ಸಲ ಕಾರಣ ಆಯಿಲ್: ತಡವಾಗಿ ಬದಲಾಯಿಸಿದ್ದು, ಇಲ್ಲಾ ಟರ್ಬೋಗೆ ಆಯಿಲ್ ತರೋ ಸಣ್ಣ ಪೈಪು ಮಸಿಯಿಂದ ಕಟ್ಟಿದ್ದು. ಆ ಪೈಪ್ ಹೊಸದು ಹಾಕಿ, ಇಂಟರ್‌ಕೂಲರ್ ತೊಳೆಸಿ, ಆಯಿಲ್ ಮತ್ತು ಫಿಲ್ಟರ್ ಬದಲಾಯಿಸದೆ ಹೊಸ ಟರ್ಬೋ ಕೂರಿಸಿದ್ರೆ ಅದೂ ಬೇಗ ಹೋಗುತ್ತೆ. ಘಾಟಿ ಹತ್ತಿದ ತಕ್ಷಣ ಆಫ್ ಮಾಡದೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡೋ ಅಭ್ಯಾಸ ಮಾಡ್ಕೊಳ್ಳಿ, ಇಲ್ಲಾಂದ್ರೆ ಕಾದ ಟರ್ಬೋದಲ್ಲಿ ನಿಂತ ಆಯಿಲ್ ಸುಟ್ಟು ಮಸಿಯಾಗುತ್ತೆ. ನಾನು ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗ್ಲಾಸ್ ಕೈಗೆ ಬರೋವರೆಗೂ ಇಂಜಿನ್ ಆಫ್ ಮಾಡಲ್ಲ. ಮೀಟರ್ ಈಗ 1,81,000 ದಾಟಿದೆ, ಗಾಡಿಯಲ್ಲಿರೋದು ಅದೇ ಹಳೆ ಟರ್ಬೋ.