ಇಡ್ಲಿ ಬೇಯಿಸೋ ಊರಲ್ಲಿ ಕಂಪ್ಯೂಟರ್ ಪಾಠ

ಬೆಂಗಳೂರಿಂದ ತುಮಕೂರು ಕಡೆ ಹೋಗೋರು ಕ್ಯಾತ್ಸಂದ್ರದಲ್ಲಿ ಗಾಡಿ ನಿಲ್ಲಿಸೋದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಸಿದ್ಧಗಂಗಾ ಮಠ, ಇನ್ನೊಂದು ತಟ್ಟೆ ಇಡ್ಲಿ. ಇವತ್ತು ಆ ಇಡ್ಲಿ ಇಟ್ಕೊಂಡೇ ಕಂಪ್ಯೂಟರ್ ಬಗ್ಗೆ ಮಾತಾಡ್ತೀನಿ. ನಗಬೇಡಿ, ವಿಷಯ ಗಂಭೀರವಾಗಿದೆ.

2026-27ರಿಂದ ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಕಂಪ್ಯೂಟೇಶನಲ್ ಥಿಂಕಿಂಗ್ ಕಲಿಸ್ತೀವಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಇದನ್ನ ಕೇಳಿದ ತಕ್ಷಣ ಪೋಷಕರ ಬಾಯಲ್ಲಿ ಬರೋ ಪ್ರಶ್ನೆ ಒಂದೇ: ನಮ್ಮೂರ ಶಾಲೇಲಿ ಕಂಪ್ಯೂಟರ್ ಎಲ್ಲಿದೆ ಸ್ವಾಮಿ? ನ್ಯಾಯವಾದ ಪ್ರಶ್ನೆ. 2023-24ರ ಸರ್ಕಾರಿ ಅಂಕಿಅಂಶ ನೋಡಿ. ದೇಶದ ನೂರು ಶಾಲೆಗಳಲ್ಲಿ ಕೆಲಸ ಮಾಡೋ ಕಂಪ್ಯೂಟರ್ ಇದ್ದದ್ದು ಸುಮಾರು 57ರಲ್ಲಿ. ಇಂಟರ್ನೆಟ್ ಇದ್ದದ್ದು 54ರಲ್ಲಿ.

ಆದ್ರೆ ಚಿಕ್ಕ ಮಕ್ಕಳ ವಿಷಯದಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ, ಏನು ಕಲಿಸ್ತೀರಿ ಅನ್ನೋದು. ಯಾಕೆ ಅಂತ ನನ್ನ ಕಥೇಲೇ ಹೇಳ್ತೀನಿ.

ನಾನು ಇಂಜಿನಿಯರಿಂಗ್ ಓದಿದವನು. ಲ್ಯಾಬ್ ಪರೀಕ್ಷೇಲಿ ಸಂಖ್ಯೆಗಳನ್ನ ಜೋಡಿಸೋ ಪ್ರೋಗ್ರಾಂ ಬಂತು. ಬಾಯಿಪಾಠ ಮಾಡಿದ್ದೆ, ಬರೆದೆ, ಓಡಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಚಿಕ್ಕದರಿಂದ ದೊಡ್ಡದಕ್ಕೆ ಬಂದಿದೆ, ಈಗ ದೊಡ್ಡದರಿಂದ ಚಿಕ್ಕದಕ್ಕೆ ಮಾಡಪ್ಪ" ಅಂದ್ರು. ಬದಲಾಯಿಸಬೇಕಾಗಿದ್ದು ಒಂದೇ ಒಂದು ಚಿಹ್ನೆ. ಕೈ ಓಡಲಿಲ್ಲ. ಎದುರಿಗೆ ಕಂಪ್ಯೂಟರ್ ಇತ್ತು, ತಲೆಯಲ್ಲಿ ಯೋಚನೆ ಇರಲಿಲ್ಲ.

ಈಗ ಇಡ್ಲಿಗೆ ಬರೋಣ. ಅಕ್ಕಿ, ಉದ್ದು ನೆನೆಸಬೇಕು, ರುಬ್ಬಬೇಕು, ರಾತ್ರಿಯಿಡೀ ಹುದುಗಬೇಕು, ತಟ್ಟೆಗೆ ಹುಯ್ದು ಹಬೇಲಿ ಬೇಯಿಸಬೇಕು. ಈ ಕ್ರಮಕ್ಕೆ ಕಂಪ್ಯೂಟರ್ ಭಾಷೇಲಿ ಅಲ್ಗಾರಿದಮ್ ಅಂತಾರೆ. ಪ್ರತಿ ತಟ್ಟೆಗೂ ಅದೇ ಕೆಲಸ ಮತ್ತೆ ಮತ್ತೆ ಮಾಡೋದು ಲೂಪ್. ಕೈಗೆ ಅಂಟಿದ್ರೆ ಇನ್ನೆರಡು ನಿಮಿಷ ಬೇಯಲಿ, ಅಂಟದಿದ್ರೆ ಇಳಿಸು ಅನ್ನೋದು ಕಂಡೀಷನ್. ಇಡ್ಲಿ ಗಟ್ಟಿಯಾಯ್ತಾ? ಹಿಟ್ಟು ಹುದುಗಲಿಲ್ವಾ, ಉದ್ದು ಕಮ್ಮಿಯಾಯ್ತಾ ಅಂತ ಒಂದೊಂದೇ ಹಂತ ಹಿಂದಕ್ಕೆ ಹೋಗಿ ಹುಡುಕೋದು ಡೀಬಗ್ಗಿಂಗ್. ಕ್ಯಾತ್ಸಂದ್ರದ ಮಗುವಿಗೆ ಇದು ಮನೆ ವಿಷಯ. ಅದಕ್ಕೆ ಹೆಸರು ಕೊಡೋರು ಬೇಕು ಅಷ್ಟೇ.

ಇದು ನನ್ನ ಕಲ್ಪನೆ ಅಲ್ಲ. ನ್ಯೂಜಿಲೆಂಡಿನ ಪ್ರಾಧ್ಯಾಪಕ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲೇ, ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸೋ ಆಟಗಳನ್ನ ಕಟ್ಟಿದ್ರು. ಒಂದು ಆಟ ಹೇಳ್ತೀನಿ, ಇವತ್ತೇ ಮನೇಲಿ ಆಡಿ. ಐದು ಮಕ್ಕಳ ಕೈಗೆ 16, 8, 4, 2, 1 ಅಂತ ಬರೆದ ರಟ್ಟು ಕೊಡಿ. 13 ಬೇಕು ಅನ್ನಿ. 8, 4, 1 ಇರೋರು ಎದ್ದು ನಿಲ್ತಾರೆ, ಉಳಿದವರು ಕೂರ್ತಾರೆ. ನಿಂತವರು ಒಂದು, ಕೂತವರು ಸೊನ್ನೆ. 01101. ಕಂಪ್ಯೂಟರ್ ಒಳಗೆ ಅಂಕಿ ಕೂರೋದೇ ಹೀಗೆ. ಸೊನ್ನೆಯಿಂದ 31ರವರೆಗೆ ಯಾವ ಸಂಖ್ಯೆ ಬೇಕಾದ್ರೂ ಬರುತ್ತೆ. ಖರ್ಚು? ಐದು ರಟ್ಟು.

ಹಾಗಾದ್ರೆ ಕಂಪ್ಯೂಟರೇ ಬೇಡವಾ? ಖಂಡಿತ ಬೇಕು. ಸರ್ಕಾರ ಕೊಡಲೇಬೇಕು. ಆಟವನ್ನ ತೋರಿಸಿ ಜವಾಬ್ದಾರಿಯಿಂದ ಜಾರಿಕೊಳ್ಳೋಕೆ ಬಿಡಬಾರದು. ಆದ್ರೆ ಪರದೆ ಒಂದೇ ಸಾಕಾಗಲ್ಲ ಅನ್ನೋದಕ್ಕೆ ಸಾಕ್ಷಿ ಇದೆ. 2024ರ ಅಸರ್ ಸಮೀಕ್ಷೆ ಪ್ರಕಾರ, ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಅದಕ್ಕೂ ಹಿಂದಿನ ವಾರದಲ್ಲಿ ಸೋಷಿಯಲ್ ಮೀಡಿಯಾ ನೋಡಿದವರು ಶೇ. 76. ಓದಿಗೆ ಬಳಸಿದವರು ಶೇ. 57. ಬೆರಳು ಕಲಿತಿದೆ, ಯೋಚನೆ ಹಿಂದೆ ಬಿದ್ದಿದೆ. ಆ ಅಂತರ ತುಂಬೋ ಕೆಲಸ ಹದಿನಾಲ್ಕನೇ ವಯಸ್ಸಿಗಲ್ಲ, ಎಂಟನೇ ವಯಸ್ಸಿಗೆ ಶುರುವಾಗಬೇಕು. ಯಾವ ಲಿಂಕ್ ಒತ್ತಬಾರದು, ಒಟಿಪಿ ಯಾಕೆ ಹೇಳಬಾರದು ಅನ್ನೋದೂ ಆ ಪಾಠದಲ್ಲೇ ಬರಬೇಕು, ಕನ್ನಡದಲ್ಲೇ ಬರಬೇಕು.

ಅದನ್ನ ಕಲಿಸೋರು ಮೇಷ್ಟ್ರು. ಅವರಿಗೆ ಒಂದು ದಿನದ ತರಬೇತಿ ಕೊಟ್ಟು ಫೋಟೋ ಹೊಡೆಸ್ಕೊಂಡ್ರೆ ಸಾಲದು. ಇಂಗ್ಲೆಂಡ್‌ನಲ್ಲಿ 2014ರಿಂದ ಐದು ವರ್ಷದ ಮಕ್ಕಳಿಗೂ ಕಂಪ್ಯೂಟಿಂಗ್ ಪಾಠ ಇದೆ. ದುಡ್ಡಿರೋ ಮನೆಯ ಮಕ್ಕಳು ಇಲ್ಲೂ ಕೋಡಿಂಗ್ ಕ್ಲಾಸಿಗೆ ಹೋಗ್ತಾರೆ. ಉಳಿದ ಮಕ್ಕಳಿಗೆ ಇರೋದು ಊರ ಶಾಲೆ ಒಂದೇ.

ಮುಂದಿನ ಸಲ ಪೋಷಕರ ಸಭೆಗೆ ಹೋದಾಗ ಕಂಪ್ಯೂಟರ್ ಎಷ್ಟಿದೆ ಅಂತ ಕೇಳಿ. ಜೊತೆಗೆ ಇನ್ನೊಂದು ಮಾತು ಕೇಳಿ: ಈ ವಾರ ನಮ್ಮ ಮಗು ತಪ್ಪು ಮಾಡಿ, ತಾನೇ ಹುಡುಕಿ ಸರಿಮಾಡಿದ್ದು ಏನು?