ದೊಡ್ಡರೋಗ ಹೋದ ಬಗೆ

ಮುಂಗಾರಿನ ಹೊತ್ತಿಗೆ ಜೋಡೆತ್ತಿನಲ್ಲಿ ಒಂದು ಸತ್ತರೂ ಬಡ ಒಕ್ಕಲಿನ ಆ ವರ್ಷದ ಬೇಸಾಯ ಕೆಟ್ಟಂತೆಯೆ. ದೊಡ್ಡರೋಗವೆಂಬುದು ಕೊಟ್ಟಿಗೆಯನ್ನೇ ಬರಿದು ಮಾಡುತ್ತಿತ್ತು. ದನಕ್ಕೆ ಕಡುಜ್ವರ ಬಂದು, ಬಾಯಿ ಹುಣ್ಣಾಗಿ, ಕಣ್ಣು ಮೂಗು ಸೋರಿ, ರಕ್ತಭೇದಿಯಾಗುತ್ತಿತ್ತು. ಎಷ್ಟೋ ದನಗಳು ಹತ್ತು ಹನ್ನೆರಡು ದಿನಗಳಲ್ಲಿ ಸಾಯುತ್ತಿದ್ದವು. ಮಾರಿಯ ಮುನಿಸೆಂದು ಹರಕೆ ಹೊತ್ತವರು ಎಷ್ಟೋ ಮಂದಿ.

ಪಶುವೈದ್ಯ ಶಾಲೆಗಳು ಹುಟ್ಟಲು ಈ ರೋಗವೂ ಒಂದು ಕಾರಣ. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ 1762ರಲ್ಲಿ ಕ್ಲೋದ್ ಬೂರ್ಜೆಲಾ ಮೊದಲ ಶಾಲೆಯನ್ನು ತೆರೆದಾಗ, ಅಲ್ಲಿಯ ವಿದ್ಯಾರ್ಥಿಗಳನ್ನು ಈ ಪಿಡುಗಿನ ಊರುಗಳಿಗೇ ಕಳುಹಿಸಿದರು. ನಮ್ಮ ದೇಶದಲ್ಲಿ 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ಆರಂಭವಾಯಿತು. ಸೋಂಕು ಹರಡುವ ಭಯವಿದ್ದುದರಿಂದ ಅದನ್ನು ಮುಂದೆ ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದರು. 1920ರ ದಶಕದಲ್ಲಿ ಅಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬವರು ರೋಗದ ವಿಷಾಣುವನ್ನು ಒಂದು ಆಡಿನಿಂದ ಇನ್ನೊಂದು ಆಡಿಗೆ ಹಾಯಿಸುತ್ತ ಹೋದರು. ಹೀಗೆ ಹಾಯಿಸಿದಂತೆಲ್ಲ ಅದು ದನಗಳ ಪಾಲಿಗೆ ಸೌಮ್ಯವಾಯಿತು. ಕೊಲ್ಲುವುದನ್ನು ಬಿಟ್ಟು ಕಾಯುವುದಾಯಿತು.

1954ರಲ್ಲಿ ಭಾರತ ಸರ್ಕಾರ ದೇಶವ್ಯಾಪಿಯಾಗಿ ಲಸಿಕೆ ಹಾಕಿಸಲು ಮೊದಲಿಟ್ಟಿತು. ಶಾಖ ತಗಲಿದರೆ ಲಸಿಕೆ ಕೆಡುವುದು. ಆದುದರಿಂದ ಅದನ್ನು ತಂಪಿನಲ್ಲಿಟ್ಟೇ ಹಳ್ಳಿಹಳ್ಳಿಗೆ ಸಾಗಿಸಬೇಕಾಯಿತು. ಮುಂದೆ ವಾಲ್ಟರ್ ಪ್ಲೌರೈಟ್ ಕೀನ್ಯಾದಲ್ಲಿ ಕರುವಿನ ಜೀವಕೋಶಗಳಲ್ಲಿ ವಿಷಾಣು ಬೆಳೆಸಿ ಇನ್ನೂ ಸುರಕ್ಷಿತವಾದ ಲಸಿಕೆಯನ್ನು ಸಿದ್ಧಪಡಿಸಿದರು. ನಮ್ಮ ದೇಶದಲ್ಲಿ 1995ರ ತರುವಾಯ ದೊಡ್ಡರೋಗ ಕಾಣಿಸಲಿಲ್ಲ. 2011ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ಸಾರಲಾಯಿತು. ಸಿಡುಬಿನ ನಂತರ ಮನುಷ್ಯನು ಭೂಮಿಯಿಂದ ಅಳಿಸಿದ ಎರಡನೆಯ ರೋಗವಿದು.

ಕಾಲುಬಾಯಿ ಜ್ವರ ಮಾತ್ರ ಇನ್ನೂ ಉಳಿದಿದೆ. ಅದರ ಲಸಿಕೆಯ ಬಲ ಕೆಲವು ತಿಂಗಳುಗಳಲ್ಲಿ ಕುಂದುತ್ತದೆ. ಆದುದರಿಂದಲೇ ಆರಾರು ತಿಂಗಳಿಗೊಮ್ಮೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿಯೇ ಹಾಕುತ್ತಾರೆ. ಸೂಜಿ ಚುಚ್ಚಿದರೆ ಹಾಲು ಬತ್ತೀತೆಂದು ಹೆದರಿ ದನಗಳನ್ನು ಮರೆಮಾಡುವವರು ಉಂಟು. ಒಂದೆರಡು ದಿನ ಹಾಲು ತುಸು ಇಳಿದರೂ ಮತ್ತೆ ಮೊದಲಿನಂತಾಗುತ್ತದೆ; ರೋಗವೇ ಬಂದರೆ ಆಗುವ ನಷ್ಟ ತಿಂಗಳುಗಟ್ಟಲೆ ತೀರದು.

ನಾವು ಪರಊರಿನಲ್ಲಿ ದುಡಿಯುತ್ತಿದ್ದರೂ ನಮ್ಮಲ್ಲಿ ಅನೇಕರ ಮನೆಯ ಹಟ್ಟಿ ಊರಿನಲ್ಲಿಯೇ ಇದೆ. ಈ ತಿಂಗಳು ಮನೆಗೆ ಹಣ ಕಳುಹಿಸುವಾಗ, ದನಗಳಿಗೆ ಲಸಿಕೆ ಹಾಕಿಸಿದಿರಾ ಎಂದು ಒಂದು ಮಾತು ಕೇಳೋಣ.